ಗುರುಮಲ್ಲಪ್ಪನ ಕಾರು, ಮಾದಸ್ವಾಮಿಯ ಕೈ

ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿದ ಐವತ್ತಾರರಲ್ಲೇ ಮಾದಸ್ವಾಮಿ ಸತ್ಯಮಂಗಲದಿಂದ ಹನೂರಿಗೆ ವಾಪಸ್ ಬಂದ. ಹನ್ನೊಂದು ವರ್ಷ ಅಲ್ಲಿನ ಒಂದು ಲಾರಿ ಶೆಡ್ಡಿನಲ್ಲಿ ತಮಿಳಿನಲ್ಲಿ ಬೈಸಿಕೊಂಡು ಕೆಲಸ ಕಲಿತಿದ್ದ. ಗೋಣಿತಾಟಿನಲ್ಲಿ ಸುತ್ತಿದ ಒಂದು ಕಟ್ಟು ಸ್ಪ್ಯಾನರು, ಮದ್ರಾಸ್ ಸರ್ಕಾರದ ಮೊಹರು ಬಿದ್ದ ಡ್ರೈವಿಂಗ್ ಲೈಸೆನ್ಸು, ಇಂಜಿನ್ನಿನ ಸದ್ದು ಕೇಳಿ ರೋಗ ಹೇಳುವ ಕಿವಿ, ಇವಿಷ್ಟು ಅವನ ಸಂಪಾದನೆ. ಅಲ್ಲಿ ಅವನನ್ನು ಮಾದಸ್ವಾಮಿ ಅಂತ ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದರಂತೆ. ಹನೂರಿನ ಪೇಟೆ ಬೀದಿಗೆ ಕಾಲಿಟ್ಟ ದಿನವೇ ಸ್ವಾಮಿ ಉದುರಿತು, ಬರೀ ಮಾದ ಆದ. ನಮ್ಮ ಕೇರಿಯವನು ಅಂದ ಮೇಲೆ ಅಷ್ಟೇ.

ಏಳೆಂಟು ವರ್ಷ ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ ಇಂಜಿನ್ನು, ಕೆಟ್ಟು ನಿಂತ ಲಾರಿ ಅಂತ ಸಿಕ್ಕಿದ್ದನ್ನು ಮಾಡಿಕೊಂಡಿದ್ದ. ಕೂಲಿ ಅಂದರೆ ಒಮ್ಮೆ ರಾಗಿ, ಒಮ್ಮೆ ಹಳೇ ಪಂಚೆ, ಒಮ್ಮೆ ನಾಳೆ ಬಾ. ಹೆಂಡತಿ ಸೋಮಮ್ಮ ಕೂಲಿಗೆ ಹೋಗುತ್ತಿದ್ದುದರಿಂದ ಒಲೆ ಉರಿಯುತ್ತಿತ್ತು. ಅವನ ಆಸೆ ಒಂದೇ ಒಂದು. ತಲೆ ಮೇಲೆ ತಗಡಿನ ಸೂರು, ನೆಲದಲ್ಲಿ ಇಳಿದು ನಿಂತು ಕೆಲಸ ಮಾಡುವ ಗುಂಡಿ, ಗೋಡೆಗೆ ಸಾಲಾಗಿ ನೇತುಹಾಕಿದ ಸ್ಪ್ಯಾನರು. ಒಂದು ಶೆಡ್ಡು. ತನ್ನದೇ ಆಗಬೇಕು ಅಂತಲೂ ಇಲ್ಲ, ತಾನು ಮೇಸ್ತ್ರಿಯಾಗಿ ನಿಲ್ಲುವಂಥದ್ದು.

ಆ ಶೆಡ್ಡು ಗುರುಮಲ್ಲಪ್ಪನ ಬಾಯಿಂದ ಬಂತು. ಗುರುಮಲ್ಲಪ್ಪ ಹನೂರಿನ ದೊಡ್ಡ ಮನೆಯವನು. ಕೊಳ್ಳೇಗಾಲದಲ್ಲಿ ಅಕ್ಕಿ ಗಿರಣಿ ಇತ್ತು, ಎರಡು ಲಾರಿ ಹೊಸದಾಗಿ ತೆಗೆದಿದ್ದ, ಗಿರಣಿಯ ಹಿಂದೆ ಲಾರಿ ರಿಪೇರಿಗೆ ಶೆಡ್ಡು ಕಟ್ಟಿಸುತ್ತಿದ್ದ. ಓಡಾಟಕ್ಕೆ ಯುದ್ಧಕ್ಕೂ ಮುಂಚಿನ ಒಂದು ವಿಲಾಯಿತಿ ಕಾರು. ಊಟಿ ಕಡೆಯ ಟೀ ತೋಟದ ದೊರೆಯೊಬ್ಬ ದೇಶ ಬಿಡುವಾಗ ಮಾರಿದ್ದು ಮೂರು ಕೈ ದಾಟಿ ಇವನಿಗೆ ಬಂದಿತ್ತು. ಒಮ್ಮೆ ಹೊರಟರೆ ಮೈಸೂರು ಮುಟ್ಟಿ ಬರುತ್ತಿತ್ತು. ಹೊರಡಿಸುವುದೇ ಕಷ್ಟ. ಬೆಳಿಗ್ಗೆ ಡ್ರೈವರ್ ಶಿವನಂಜಯ್ಯ ಸೆಲ್ಫ್ ಒತ್ತಿದರೆ ಇಂಜಿನ್ನು ಮುದುಕನ ಹಾಗೆ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿ ತಿರುಗಿಸಿ ತೋಳು ಬಿದ್ದು ಹೋಗುತ್ತಿತ್ತು. ಕಡೆಗೆ ಕೇರಿಗೆ ಆಳು ಕಳಿಸಿ ಆರು ಜನರನ್ನು ಕರೆಸುತ್ತಿದ್ದರು. ಹಿಂದಿನಿಂದ ತಳ್ಳಬೇಕು. ಬಾಗಿಲಿನ ಪಕ್ಕ ಕೈ ಇಡುವ ಹಾಗಿಲ್ಲ. ಬಿಟ್ಟಿ ಕೆಲಸ, ಅದಕ್ಕೂ ಮಡಿ.

ಹೀಗೆ ತಳ್ಳಿದ ಒಂದು ಬೆಳಿಗ್ಗೆ ಮಾದಸ್ವಾಮಿ ಉಸಿರು ಬಿಡುತ್ತಾ ಹೇಳಿದ.

"ಬುದ್ಧಿ, ಇದು ತಳ್ಳಾಟ್ದಲ್ಲಿ ವಾಸಿಯಾಗೋ ಕಾಯ್ಲೆ ಅಲ್ಲ. ಒಂದಪ ಬಾನೆಟ್ ಎತ್ತಿ ನೋಡ್ಲಾ?"

ಗುರುಮಲ್ಲಪ್ಪ ಶಿವನಂಜಯ್ಯನ ಮುಖ ನೋಡಿದ. ಅವನು ಹೆಗಲು ಕುಣಿಸಿದ. ಗುರುಮಲ್ಲಪ್ಪ ಹೇಳಿದ.

"ಎತ್ಲಾ ಮಾದ. ಆದ್ರೆ ಒಳೀಕ್ ಕೂರ್ಬೇಡ. ಅವ್ವ ನೋಡುದ್ರೆ ಊಟ ಬುಟ್ಬುಡ್ತಳೆ."

ಕಾರು ಮನೆಯ ಮುಂದಿನ ಹುಣಸೆ ಮರದ ಕೆಳಗೆ ನಿಲ್ಲುತ್ತಿತ್ತು. ಮಾದಸ್ವಾಮಿ ಬಾನೆಟ್ಟಿಗೆ ಬಗ್ಗಿ ನಿಲ್ಲುವುದು, ಶಿವನಂಜಯ್ಯ ಸೀಟಿನಲ್ಲಿ ಕೂತು ಅವನು ಹೇಳಿದಾಗ ಸೆಲ್ಫ್ ಒತ್ತುವುದು. ಆವತ್ತು ಬ್ಯಾಟರಿ ಸತ್ತಿತ್ತು, ಕರೆಂಟು ಕಡಿದು ಕೂಡಿಸುವ ಪಾಯಿಂಟು ಸುಟ್ಟಿತ್ತು. ಬ್ಯಾಟರಿ ಬೇರೆ ತರಿಸಿ, ಪಾಯಿಂಟನ್ನು ಉಪ್ಪುಕಾಗದದಲ್ಲಿ ತಿಕ್ಕಿ, ಪ್ಲಗ್ಗು ತೆಗೆದು ಮಸಿ ಸುಟ್ಟು ಮತ್ತೆ ಕೂರಿಸಿದ. ಸಂಜೆಗೆ ಒಂದೇ ಒತ್ತಿಗೆ ಇಂಜಿನ್ನು ಹಿಡಿಯಿತು. ಗುರುಮಲ್ಲಪ್ಪ ಮೂರು ಸಲ ಆರಿಸಿ ಮೂರು ಸಲ ಹಚ್ಚಿ ನೋಡಿದ.

"ಲೇ ಮಾದ, ಮೂವತ್ತು ಬೆಳ್ಗೂವೆ ಇಂಗೇ ಎದ್ರೆ, ಕೊಳ್ಳೇಗಾಲದ ಶೆಡ್ಡಿಗೆ ನೀನೇ ಮೇಸ್ತ್ರಿ. ಲಾರಿಗೆ ಮಡಿ ಗಿಡಿ ಏನೂ ಇಲ್ಲ."

ಮಾರನೇ ದಿನ ಬೆಳಿಗ್ಗೆ ಕಾರು ಎದ್ದೇಳಲಿಲ್ಲ.

ಅಲ್ಲಿಂದ ಏಳು ತಿಂಗಳು ಅದೇ ಪಾಡು. ಮಾದಸ್ವಾಮಿ ಹೋಗುವುದು, ಬಿಚ್ಚುವುದು, ಒರೆಸುವುದು, ಸಂಜೆಗೆ ಒಂದೇ ಒತ್ತಿಗೆ ಹಚ್ಚಿ ತೋರಿಸುವುದು. ಮಾರನೇ ಬೆಳಿಗ್ಗೆ ಮತ್ತೆ ಕೆಮ್ಮು. ಪೆಟ್ರೋಲಿನಲ್ಲಿ ನೀರು ಸೇರಿದೆಯೇ ಅಂತ ಟ್ಯಾಂಕು ಖಾಲಿ ಮಾಡಿಸಿದ. ಕಾರ್ಬುರೇಟರನ್ನು ಬಿಚ್ಚಿ ತಟ್ಟೆಯಲ್ಲಿ ಹರಡಿ ಒಂದೊಂದು ತೂತನ್ನೂ ಬಾಯಲ್ಲಿ ಊದಿದ. ಮೈಸೂರಿಂದ ಹೊಸ ಕಾಯಿಲ್ ತರಿಸಿದರು. ವಾಲ್ವು ಕೂರಿಸಿದ್ದಾಯಿತು. ಪ್ರತಿ ಸಲವೂ ಸಂಜೆ ಗೆಲುವು, ಬೆಳಿಗ್ಗೆ ಸೋಲು. ಬಿಸಿಲೇರಿದ ಮೇಲೆ ಹ್ಯಾಂಡಲ್ ಹೊಡೆದರೆ ಎದ್ದುಬಿಡುತ್ತಿತ್ತು. ಸಾಲದ್ದಕ್ಕೆ ಬ್ಯಾಟರಿಯ ತಲೆಗಳ ಮೇಲೆ ಕಿಲುಬಿನ ಹಸಿರು ಹೂವು ಬಿಡುತ್ತಿತ್ತು. ಹೊಸ ಬ್ಯಾಟರಿಗೆ ಅಷ್ಟು ಬೇಗ ಹಾಗಾಗಬಾರದು.

ಹನೂರಿನ ಪೇಟೆಯಲ್ಲಿ ಇದೊಂದು ತಮಾಷೆಯಾಯಿತು. ಟೀ ಅಂಗಡಿಯ ಜಗಲಿಯಲ್ಲಿ ಕೂತವರು ಅವನು ಹೋಗುವಾಗ ಕೆಮ್ಮುತ್ತಿದ್ದರು.

"ಏನ್ಲಾ ಮಾದ, ಸಂದೇಲಿ ಗುಣ ಮಾಡ್ತೀಯೆ, ರಾತ್ರಿ ಹೋಗಿ ನೀನೇ ಕೆಡಿಸ್ಬುಟ್ಟು ಬತ್ತೀಯೋ ಎಂಗೆ?"

ಮಾದಸ್ವಾಮಿ ನಡೆದುಬಿಡುತ್ತಿದ್ದ. ಮನೆಗೆ ಬಂದು ಗೋಡೆಗೆ ಒರಗಿ ಕೂತರೆ ಬೆರಳುಗಳು ತಾವಾಗಿಯೇ ಗಾಳಿಯಲ್ಲಿ ಏನೋ ಬಿಚ್ಚುತ್ತಿದ್ದವು ಅಂತ ಸೋಮಮ್ಮ ಆಮೇಲೆ ಹೇಳಿದ್ದುಂಟು.

ಎಂಟನೇ ತಿಂಗಳಲ್ಲಿ ಅವನಿಗೆ ಬುದ್ಧಿ ಬಂತು. ಯಾವಾಗಲೂ ಕಾರನ್ನು ಬಿಸಿಲೇರಿದ ಮೇಲೆ ನೋಡುತ್ತಿದ್ದೇನೆ, ಕೆಟ್ಟ ಹೊತ್ತಿನಲ್ಲಿ ನೋಡೇ ಇಲ್ಲ ಅಂತ. ಒಂದು ಮುಂಜಾನೆ ಯಾರೂ ಏಳುವ ಮೊದಲು ಹುಣಸೆ ಮರದ ಕೆಳಗೆ ಹೋಗಿ ಕಾದು ನಿಂತ. ಶಿವನಂಜಯ್ಯ ಬಂದು ಸೆಲ್ಫ್ ಒತ್ತಿದ, ಕೆಮ್ಮಿತು. ಮಾದಸ್ವಾಮಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದ. ಕಾಯಿಲಿಂದ ಬಂದ ಕರೆಂಟನ್ನು ನಾಲ್ಕು ಪ್ಲಗ್ಗಿಗೂ ಹಂಚುವ, ತೆಂಗಿನ ಚಿಪ್ಪಿನಷ್ಟಿರುವ ಕಪ್ಪು ಮುಚ್ಚಳ ಅದು. ಒಣಗಿದ್ದರೆ ಮಾತ್ರ ಕೆಲಸ. ಮುಚ್ಚಳದ ಒಳಗೆ ಹಳದಿ ಗೆರೆ ಇಳಿದಿತ್ತು. ಇಬ್ಬನಿಗೆ ಒದ್ದೆಯಾಗಿ ಅಂಟುತ್ತಿತ್ತು. ಬೆರಳಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿದ. ಉಪ್ಪು. ಮೂಸಿ ನೋಡಿದ. ಚಿಕ್ಕಂದಿನಲ್ಲಿ ಇದೇ ಊರಿನ ಕೊಟ್ಟಿಗೆಗಳನ್ನು ಬಳಿದವನಿಗೆ ಆ ವಾಸನೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಸಿವನಂಜಯ್ನೋರೆ, ಇದರೊಳೀಕೆ ಗಂಜಲ ಎಂಗ್ ಬಂತು?"

ಶಿವನಂಜಯ್ಯ ಸೀಟಿನಿಂದ ಇಳಿಯಲಿಲ್ಲ. ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತಾ ಕೂತ.

"ಯೋಳಿ. ಹಸ ಬಂದು ಬಾನೆಟ್ ಎತ್ತಿ ಉಯ್ತಾ?"

"ನಿಂಗ್ ಗೊತ್ತಿಲ್ವಾ ಮಾದ? ನೀ ಮುಟ್ಟಿ ಹೋದ್ ಮ್ಯಾಲೆ ದೊಡ್ಡವ್ವ ಸುದ್ದ ಮಾಡ್ತರೆ. ನಾನೇ ಬಾನೆಟ್ ಎತ್ತಿ ಇಡ್ಕತೀನಿ. ಚೊಂಬಿನಗೆ ಗಂಜಲ, ಗರಿಕೆ ಅದ್ದಿ ಚಿಮಕ್ತರೆ. ನೀ ಎಲ್ಲೆಲ್ಲಿ ಕೈ ಇಟ್ಟಿದ್ದೆ ಅಂತ ಕೇಳ್ತರೆ. ತೋರುಸ್ತೀನಿ."

"ಎಲ್ಲೆಲ್ಲಿ ಅಂತ ತೋರುಸ್ತೀರಾ."

"ಅವರ ಅನ್ನ ತಿನ್ನೋನು ನಾನು."

ಪುಟ್ಟಮಲ್ಲಮ್ಮ ಗುರುಮಲ್ಲಪ್ಪನ ತಾಯಿ. ಎಪ್ಪತ್ತು ದಾಟಿದ ಹೆಂಗಸು. ಕೆಟ್ಟವಳು ಅಂತ ಹೇಳಿದರೆ ಸುಳ್ಳಾಗುತ್ತದೆ. ಕೇರಿಯ ಹೆಂಗಸರು ಹಿತ್ತಲಿಗೆ ಬಂದರೆ ಮೇಲಿಂದ ಸುರಿದರೂ ರಾಗಿಯನ್ನು ಸೆರಗು ತುಂಬಾ ಸುರಿಯುತ್ತಿದ್ದಳು. ಮನೆಗೆ ಬಂದ ಹೊಸ ಪಾತ್ರೆಯನ್ನು ತೊಳೆಯುವಷ್ಟೇ ಸಲೀಸಾಗಿ ಆಕೆ ಮಾದಸ್ವಾಮಿ ಮುಟ್ಟಿದ ಇಂಜಿನ್ನನ್ನು ತೊಳೆಯುತ್ತಿದ್ದಳು. ಏಳು ತಿಂಗಳಿಂದ ನಡೆಯುತ್ತಿದ್ದುದು ಇದು. ಕೆಟ್ಟಿತು ಅಂತ ಅವನನ್ನು ಕರೆಯುವುದು, ಅವನು ಮುಟ್ಟಿದ ಅಂತ ಗಂಜಲ ಹಾಕುವುದು, ಗಂಜಲ ಬಿತ್ತು ಅಂತ ಕೆಡುವುದು.

ಮಾದಸ್ವಾಮಿ ಗುರುಮಲ್ಲಪ್ಪನಿಗೆ ನೇರವಾಗಿ ಹೇಳಿದ. ಗುರುಮಲ್ಲಪ್ಪ ಎಸ್ಸೆಸ್ಸೆಲ್ಸಿ ಓದಿದವನು, ಪೇಪರ್ ಓದುವವನು. ಮುಚ್ಚಳವನ್ನು ತಾನೇ ಹತ್ತಿರದಿಂದ ನೋಡಿದ. ಅವನಿಗೆ ಅರ್ಥವಾಯಿತು. ಅದೇ ಹೇಸಿಗೆ. ಅರ್ಥವಾಗದವನ ಮೇಲೆ ಸಿಟ್ಟು ಇಟ್ಟುಕೊಳ್ಳಬಹುದು.

"ಅವ್ವಂಗೆ ಇದ ಯೋಳಕ್ಕಾದದಾ ಮಾದ? ಅವಳ ಕೈಯಿಂದ ಕಾರು ಕೆಟ್ಟದೆ ಅಂದ್ರೆ ಸುಮ್ಕಿರ್ತಳಾ? ನೀನೇ ಏನಾರ ಒಂದ್ ದಾರಿ ನೋಡು. ಬುದ್ಧಿವಂತ ನೀನು."

ಮಾದಸ್ವಾಮಿ ದಾರಿ ನೋಡಿದ. ಅವನ ಬಾಳಿನಲ್ಲಿ ಅತ್ಯಂತ ಚೆನ್ನಾಗಿ ಮಾಡಿದ ಕೆಲಸ ಅದು ಅಂತ ನನ್ನ ಅನಿಸಿಕೆ. ಅತ್ಯಂತ ನಾಚಿಕೆಗೇಡಿನದೂ ಅದೇ. ಹಳೇ ಲಾರಿ ಟ್ಯೂಬು ಕತ್ತರಿಸಿ ಡಿಸ್ಟ್ರಿಬ್ಯೂಟರಿಗೆ ಸರಿಯಾಗಿ ಕೂರುವಂತೆ ಒಂದು ಟೋಪಿ ಹೊಲಿದ. ವೈರುಗಳು ಹೊರಬರುವ ತೂತುಗಳಿಗೆ ಮೇಣ ತುಂಬಿದ. ಬ್ಯಾಟರಿ ತಲೆಗಳಿಗೆ ದಪ್ಪಗೆ ಗ್ರೀಸ್ ಬಳಿದು ಮೇಲೆ ರಬ್ಬರು ಕಟ್ಟಿದ. ಚೊಂಬುಗಟ್ಟಲೆ ಸುರಿದರೂ ಒಳಗೆ ಒಂದು ಹನಿ ಇಳಿಯಬಾರದು, ಹಾಗೆ.

ಸೋಮಮ್ಮ ಬಾಗಿಲಲ್ಲಿ ಕೂತು ಅವನು ಟ್ಯೂಬು ಹೊಲಿಯುವುದನ್ನು ನೋಡುತ್ತಿದ್ದಳು.

"ಅವರು ನಿನ್ ಕೈಗೆ ಗಂಜಲ ಉಯ್ಯದು, ನೀನು ಗಂಜಲಕ್ಕೆ ಕೊಡೆ ಹಿಡಿಯದು. ಚೆನ್ನಾಗದೆ ಕನಾ ನಿಮ್ಮಿಬ್ಬರ ಸಂಸಾರ."

"ಶೆಡ್ಡು ಕಣಮ್ಮಿ."

"ಶೆಡ್ಡಲ್ಲಿ ಗಂಜಲ ಉಯ್ಯಲ್ವಾ?"

"ಲಾರಿಗೆ ಮಡಿ ಇಲ್ಲ ಅಂದವ್ರೆ."

ಟೋಪಿ ಹಾಕಿದ ದಿನ ಸಂಜೆಯೂ ಪುಟ್ಟಮಲ್ಲಮ್ಮ ಎಂದಿನಂತೆ ಚಿಮುಕಿಸಿದಳು. ಮಾರನೇ ಬೆಳಿಗ್ಗೆ ಕಾರು ಒಂದೇ ಒತ್ತಿಗೆ ಎದ್ದಿತು. ಅದರ ಮಾರನೇ ದಿನವೂ. ಹತ್ತು ದಿನ, ಹದಿನೈದು ದಿನ. ಮಾದಸ್ವಾಮಿ ಪ್ರತಿ ಬೆಳಿಗ್ಗೆ ಕೇರಿಯ ತುದಿಯ ಕಲ್ಲಿನ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ. ಇಂಜಿನ್ನು ಹಿಡಿದ ಸದ್ದು ಬಂದರೆ ಎದ್ದು ಹೋಗಿ ಮುಖ ತೊಳೆಯುತ್ತಿದ್ದ. ಇಪ್ಪತ್ತನೇ ದಿನ ಗುರುಮಲ್ಲಪ್ಪ ಅವನನ್ನು ಲಾರಿಯ ಹಿಂದೆ ಹತ್ತಿಸಿ ಕೊಳ್ಳೇಗಾಲಕ್ಕೆ ಕಳಿಸಿ ಶೆಡ್ಡು ತೋರಿಸಿದ. ಗುಂಡಿ ತೋಡಿ ಆಗಿತ್ತು, ಸಿಮೆಂಟು ಬಳಿಯುವುದಿತ್ತು. ಮಾದಸ್ವಾಮಿ ಗುಂಡಿಗೆ ಇಳಿದು ತಲೆ ಮೇಲೆ ಎಷ್ಟು ಎತ್ತರ ಉಳಿಯುತ್ತದೆ ಅಂತ ಕೈಯೆತ್ತಿ ನೋಡಿ, ಇನ್ನೊಂದು ಗೇಣು ಆಳ ಬೇಕು ಅಂತ ಗಾರೆಯವನಿಗೆ ಹೇಳಿದ. ಗಾರೆಯವನು ತೋಡಿದ. ಒಬ್ಬ ಮನುಷ್ಯ ತಾನು ಹೇಳಿದ ಮಾತಿಗೆ ನೆಲ ಅಗೆದದ್ದು ಅವನ ಜೀವಮಾನದಲ್ಲಿ ಅದೊಂದೇ ಸಲ.

ಇಪ್ಪತ್ತೇಳನೇ ಬೆಳಿಗ್ಗೆ ಗುರುಮಲ್ಲಪ್ಪನ ಮಗಳ ಸಂಬಂಧ ಮಾತಾಡಲು ಯಳಂದೂರಿಗೆ ಹೋಗಬೇಕಿತ್ತು. ರಾಹುಕಾಲ ಹುಟ್ಟುವ ಮೊದಲು ಗಂಡಿನ ಮನೆ ಹೊಸಿಲು ದಾಟಬೇಕು ಅಂತ ಹೊತ್ತು ಇಟ್ಟಿದ್ದರು. ಹಿಂದಿನ ದಿನ ಹೊತ್ತು ಮುಳುಗುವ ಮೊದಲೇ ಶುಭಕಾರ್ಯಕ್ಕೆ ಹೊರಡುವ ಕಾರಿಗೆ ಪೂಜೆ ಮಾಡಲು ಪುಟ್ಟಮಲ್ಲಮ್ಮ ವಿಭೂತಿ ಹಿಡಿದು ಬಂದಳು. ಬಾನೆಟ್ ಎತ್ತಿಸಿದಳು. ಹಗಲ ಬೆಳಕಿನಲ್ಲಿ ಹತ್ತಿರ ನಿಂತು ನೋಡಿದ್ದು ಅದೇ ಮೊದಲು.

"ಅದೇನ್ಲಾ ಸಿವನಂಜ, ಕರೀದು, ಟೋಪಿ ಇದ್ದಂಗದೆ?"

ಶಿವನಂಜಯ್ಯ ಸುಳ್ಳು ಹೇಳಬಹುದಿತ್ತು. ಕಂಪನಿಯವರದು ಅಂದಿದ್ದರೆ ಮುಗಿದು ಹೋಗುತ್ತಿತ್ತು.

"ಮಾದ ಹೊಲ್ದು ಕಟ್ಟವ್ನೆ ದೊಡ್ಡವ್ವ. ನೀರು ಇಳೀದೆ ಇರ್ಲಿ ಅಂತ."

"ನಾ ಹಾಕದು ಒಳೀಕ್ ಓಗ್ಬಾರ್ದು ಅಂತ ಕಟ್ಟವ್ನಾ? ಅವ್ನ್ ಕೈಯಲ್ ಹೊಲ್ದುದ್ದ ಹೊಟ್ಟೇಲಿ ಮಡಿಕಂಡು ನನ್ ಮೊಮ್ಮಗಳ ಕಾರ್ಯಕ್ಕೆ ಓದದಾ ಇದು? ಕೀಳ್ಲಾ ಅದ."

ಕಿತ್ತರು. ಒಂದು ತಿಂಗಳ ಮೈಲಿಗೆಯನ್ನು ಒಟ್ಟಿಗೆ ಕಳೆಯಬೇಕಲ್ಲ, ಗರಿಕೆ ಸಾಲದು ಅಂತ ಆಕೆ ಚೊಂಬನ್ನೇ ಬಗ್ಗಿಸಿದಳು.

ಬೆಳಿಗ್ಗೆ ಹೆಣ್ಣಿನ ಕಡೆಯವರೆಲ್ಲ ಸೀರೆ ಉಟ್ಟು, ತಟ್ಟೆಯಲ್ಲಿ ಹೂವು ಹಣ್ಣು ಇಟ್ಟುಕೊಂಡು ಕಾರಿನೊಳಗೆ ಕೂತಿದ್ದರು. ಕಾರು ಕೆಮ್ಮಿತು. ಹ್ಯಾಂಡಲ್ ಹೊಡೆದರು. ಕೇರಿಯಿಂದ ಆಳು ಬಂದು ತಳ್ಳಿದರು. ಬ್ಯಾಟರಿಯೂ ಇಳಿದು ಹೋಯಿತು. ಇಂಜಿನ್ನು ಹಿಡಿಯುವ ಹೊತ್ತಿಗೆ ಒಂಬತ್ತು ಗಂಟೆ. ಯಳಂದೂರು ಮುಟ್ಟಿದಾಗ ರಾಹುಕಾಲ ಹುಟ್ಟಿತ್ತು. ಗಂಡಿನವರು ನೀರು ಕೊಟ್ಟು ಕೂರಿಸಿದರು, ಇನ್ನೊಂದು ದಿನ ನೋಡೋಣ ಅಂದರು. ಆ ಇನ್ನೊಂದು ದಿನ ಬರಲಿಲ್ಲ.

ಮಾರನೇ ದಿನ ಕಾರು ಮತ್ತೆ ಏಳದೆ ಮಾದಸ್ವಾಮಿಯನ್ನು ಕರೆಸಿದರು. ಗುರುಮಲ್ಲಪ್ಪ ಜಗಲಿಯ ಮೇಲೆ ನಿಂತಿದ್ದ, ತಾಯಿ ಬಾಗಿಲ ಹಿಂದೆ.

"ಮಾದ, ನೀನು ಮುಟ್ಬೇಡ. ಅಲ್ಲೇ ನಿಂತ್ಕ. ಏನ್ ಮಾಡ್ಬೇಕು ಬಾಯಲ್ ಯೋಳು. ಸಿವನಂಜ ಮಾಡ್ತನೆ."

ಹತ್ತು ಮಾರು ದೂರ ನಿಂತು ಮಾದಸ್ವಾಮಿ ಹೇಳಿದ. ಮುಚ್ಚಳ ತೆಗೆಯಿರಿ. ಪೆಟ್ರೋಲು ಅದ್ದಿದ ಬಟ್ಟೆಯಲ್ಲಿ ಒಳಗೆ ಒರೆಸಿ. ಬಿಸಿಲಿಗೆ ಇಡಿ. ಬ್ಯಾಟರಿ ತಲೆಗಳಿಗೆ ಬಿಸಿನೀರು ಹಾಕಿ ತಿಕ್ಕಿ. ಈಗ ಮುಚ್ಚಿ. ಒತ್ತಿ. ಕಾರು ಹಿಡಿಯಿತು. ಅವನು ಮುಟ್ಟಿರಲಿಲ್ಲವಾದ್ದರಿಂದ ಆವತ್ತು ಚೊಂಬು ಹೊರಗೆ ಬರಲಿಲ್ಲ. ಮಾರನೇ ಬೆಳಿಗ್ಗೆ ಕಾರು ಒಂದೇ ಒತ್ತಿಗೆ ಎದ್ದಿತು. ತಿಂಗಳಾಯಿತು, ಎರಡು ತಿಂಗಳಾಯಿತು, ವರ್ಷವಾಯಿತು. ಇಡೀ ಹನೂರು ಕಣ್ಣಾರೆ ಕಂಡ ಸಾಕ್ಷಿ ಇದು: ಮಾದ ಮುಟ್ಟುವಷ್ಟು ದಿನ ಕಾರು ಕೆಟ್ಟಿತು, ಮುಟ್ಟುವುದು ಬಿಟ್ಟ, ಸರಿಹೋಯಿತು. ಇದಕ್ಕೆ ಎದುರಾಗಿ ಯಾವ ವಾದವನ್ನು ಇಡಬಲ್ಲಿರಿ? ಗುರುಮಲ್ಲಪ್ಪನಿಗೆ ಗೊತ್ತಿತ್ತು, ಶಿವನಂಜಯ್ಯನಿಗೆ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಶೆಡ್ಡಿಗೆ ಶಿವನಂಜಯ್ಯನ ಭಾಮೈದ ಯಳಂದೂರಿಂದ ಬಂದ.

ಮಾದಸ್ವಾಮಿ ಒಂದೇ ಒಂದು ಸಲ ಹೋಗಿ ಕೇಳಿದ.

"ಬುದ್ಧಿ, ತಮಗೆ ಸತ್ಯ ಗೊತ್ತದೆ."

"ಗೊತ್ತದೆ ಕಣ್ಲಾ. ನಂಗ್ ಗೊತ್ತಿದ್ರೆ ಏನ್ ಬಂತು? ಲಾರಿ ಬಾಡಿಗೆ ಕೊಡೋರು ನಿನ್ನ ಹೆಸರು ಕೇಳುದ್ರೆ ಬೇಡ ಅಂತವ್ರೆ."

ಆಮೇಲೆ ಕೊಳ್ಳೇಗಾಲದ ಬಸ್ಸಿನವರ ಹತ್ತಿರ ಹೋದ, ಸತ್ತೇಗಾಲದ ಕಬ್ಬಿನ ಗಾಣದವರ ಹತ್ತಿರ ಹೋದ. ಹೆಸರು ಅವನಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಹನೂರಿನ ಕಾರು ಮಾದನಾ ನೀನು, ಅನ್ನುತ್ತಿದ್ದರು. ಸತ್ಯಮಂಗಲಕ್ಕೆ ವಾಪಸ್ ಹೋಗು ಅಂತ ಸೋಮಮ್ಮ ಹೇಳಿದಳು. ಹೋದ. ಹಳೇ ಮೇಸ್ತ್ರಿ ಸತ್ತಿದ್ದ, ಶೆಡ್ಡು ಕಿತ್ತು ಅಲ್ಲಿ ಸೌದೆ ಡಿಪೋ ಆಗಿತ್ತು. ನಡೆದುಕೊಂಡು ವಾಪಸ್ ಬಂದ. ಸ್ಪ್ಯಾನರುಗಳನ್ನು ಒಂದೊಂದಾಗಿ ಗುಜರಿಗೆ ಹಾಕಿದರು. ಕಡೆಗೆ ಗಂಡ ಹೆಂಡತಿ ಇಬ್ಬರೂ ಮಾದೇಶ್ವರ ಬೆಟ್ಟದಾಚೆ ಪಾಲಾರ್ ರಸ್ತೆಗೆ ಜಲ್ಲಿ ಒಡೆಯುವ ಗ್ಯಾಂಗಿಗೆ ಸೇರಿದರು.

ಎಪ್ಪತ್ತನಾಲ್ಕರಲ್ಲಿ ನಾವು ಕೇರಿಯ ನಾಲ್ಕು ಜನ ಅದೇ ರಸ್ತೆಯಲ್ಲಿ ಬಾಡಿಗೆ ಜೀಪಿನಲ್ಲಿ ಹೋಗುತ್ತಿದ್ದೆವು. ಹೋಟೆಲುಗಳಲ್ಲಿ ನಮ್ಮವರಿಗೆ ಬೇರೆ ಲೋಟ ಇಡುವುದರ ವಿರುದ್ಧ ಕೊಳ್ಳೇಗಾಲದಲ್ಲಿ ಮೆರವಣಿಗೆ ಇತ್ತು, ಅದಕ್ಕೆ ಜನ ಕರೆಯಲು ಕೂಲಿ ಗ್ಯಾಂಗುಗಳನ್ನು ಸುತ್ತುತ್ತಿದ್ದೆವು. ಆವತ್ತು ದಾರಿಯುದ್ದಕ್ಕೂ ಮಳೆ ಹೊಡೆದಿತ್ತು. ಜಲ್ಲಿ ರಾಶಿಯ ಹತ್ತಿರ ಜೀಪು ನಿಲ್ಲಿಸಿ ಮಾತಾಡಿ ಹೊರಟರೆ ಜೀಪು ಎದ್ದೇಳಲಿಲ್ಲ. ಡ್ರೈವರ್ ಬಾನೆಟ್ ಎತ್ತಿ ತಲೆ ಕೆರೆದುಕೊಂಡ. ಹೆಂಗಸರ ಗುಂಪಿನಿಂದ ಯಾರೋ, ಮಾದಸ್ವಾಮಿಯ ಕರೀರಿ, ಅವನಿಗೆ ಬತ್ತದೆ, ಅಂದರು. ಸೋಮಮ್ಮ ಅದನ್ನು ಕೇಳಿ ಮುಖ ತಿರುಗಿಸಿದಳು.

ಬಂದ. ತಲೆ ನೆರೆತಿತ್ತು. ಬೆರಳುಗಳಿಗೆ ಜಲ್ಲಿ ಏಟು ಬಿದ್ದು ಉಗುರು ಕಪ್ಪಾಗಿದ್ದವು. ಎಂಟು ಹತ್ತು ಹೆಜ್ಜೆ ದೂರದಲ್ಲೇ ನಿಂತ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

"ಬಾರಣ್ಣ, ನೋಡು," ಅಂದೆ.

"ನಾ ಮುಟ್ಟಲ್ಲ ಕಣಪ್ಪ. ಯೋಳ್ತೀನಿ, ನೀವೇ ಒರುಸ್ಕಳಿ."

"ನಾವೂ ಕೇರಿಯವ್ರೇ ಕಣಣ್ಣ. ಯಾವ ಗಂಜಲಾನೂ ಹಾಕಲ್ಲ."

ಅವನ ಕಥೆ ನಮಗೆಲ್ಲ ಗೊತ್ತಿದ್ದದ್ದೇ. ಕೇರಿಯಲ್ಲಿ ಅದನ್ನು ನಾವು ನಗುತ್ತಾ ಹೇಳುತ್ತಿದ್ದೆವು, ಮೇಲಿನವರ ಮಡ್ಡತನಕ್ಕೆ ಗುರುತು ಅಂತ. ಅವನು ನಗಲಿಲ್ಲ.

"ಗಂಜಲದ ಮಾತಲ್ಲ. ಗಂಜಲ್ದಿಂದ್ಲೇ ಕೆಟ್ಟಿದ್ದು ಅಂತ ನಂಗ್ ಗೊತ್ತು. ನಾಲ್ಗೆಲಿ ನೋಡಿವ್ನಿ. ಆದ್ರೂ ಹತ್ತ್ ವರ್ಸದಿಂದ ಜನ ಒಂದೇ ಮಾತ ಅಂತವ್ರೆ. ಒಂದೊಂದಪ ಮನೀಕಂಡಾಗ ನಂಗೇ ಅನ್ಸ್ತದೆ, ಕೈಯಗೇ ಏನಾರ ಇದ್ದಿರ್ಬೈದಾ ಅಂತ. ನಿಮ್ಗೆ ಮೆರವಣಿಗೆಗೆ ಹೊತ್ತಾಯ್ತದೆ. ನನ್ ಕೈ ಬ್ಯಾಡ."

ಹೋಟೆಲಿನ ಲೋಟಕ್ಕೆ ಘೋಷಣೆ ಬರೆದಿದ್ದೆವು, ಜಾತ್ಯಸ್ಥರ ಅಹಂಕಾರಕ್ಕೆ ಬರೆದಿದ್ದೆವು. ತನ್ನ ಕೈಗೆ ತಾನೇ ಹೆದರುವ ಮನುಷ್ಯನ ಮುಂದೆ ಕೂಗಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಅವನು ಹೇಳಿದ, ನಮ್ಮ ಡ್ರೈವರ್ ಮಾಡಿದ. ಮುಚ್ಚಳ ತೆಗೆದು ಒಣಬಟ್ಟೆಯಲ್ಲಿ ಒರೆಸಿದ, ಬೀಡಿ ಹಚ್ಚಿದ ಕಡ್ಡಿಯ ಕಾವು ತೋರಿಸಿದ, ವೈರು ಒತ್ತಿ ಕೂರಿಸಿದ. ಜೀಪು ಹಿಡಿಯಿತು. ಹಿಂದಿನ ಸೀಟಿನಲ್ಲಿ ಜಾಗವಿತ್ತು. ಬಾರಣ್ಣ, ನಮ್ಮ ಜತೆ ಕೊಳ್ಳೇಗಾಲಕ್ಕೆ ಬಾ, ಹತ್ತು, ಅಂದೆ. ಅವನು ಜೀಪಿನ ಬಾಗಿಲನ್ನು ನೋಡಿದ.

"ನೀವು ನಡೀರಿ. ದಾರೀಲಿ ನಿಂತ್ಗಿಂತ್ ಓದ್ರೆ ಆಮೇಲೆ ನನ್ನ ಅಂತೀರಿ," ಅಂದು, ಜಲ್ಲಿ ರಾಶಿಯ ಕಡೆ ತಿರುಗಿ ನಡೆದ.